ಕರಿಗುಂಡಿನ ಹಿಂದಿನ ದಂಡು

ತಾಂಬಾ, ತಾ. ಇಂಡಿ
12 ಅಕ್ಟೋಬರ್ 2025

ಕೂಡಿದ ಮಹಾಜನರೇ! ಮುಂದ ಜಮಖಾನಿ ಮ್ಯಾಲ ಕುಂತ ಹುಡುಗರೇ, ಹಿಂದ ಗ್ವಾಡಿಗೆ ಆತು ನಿಂತ ಹಿರಿಯರೇ, ಬಾಗಲದಾಗ ನಿಂತು ಒಳಗ ಬರಲೋ ಬ್ಯಾಡೋ ಅನ್ನೋ ನೆರಮನಿ ಅವ್ವಗಳಿರಾ! ಗದ್ದಲ ನಿಲ್ಲಸ್ರಿ. ಚಹಾ ಆಮ್ಯಾಲ. ಪರದೆ ಏಳತೈತಿ!

ಫರಹತ ಮಗಳ, ಇದನ್ನ ಸಣ್ಣ ದನಿಯಾಗ ಓದಬ್ಯಾಡ. ಫೋನಿನಾಗ ನನ್ನ ಮಾತು ನಿಮ್ಮ ಅಬ್ಬಾಗ ತಿಳಿಯಂಗಿಲ್ಲ, ಪತ್ರ ಬಂದ್ರ ಕಿವಿ ಹತ್ತರ ಕುಂತು ಓದತೇನಿ, ಓಣಿ ಮಂದಿನೂ ಬಂದು ಕೂಡತಾರ ಅಂತ ನೀನ ಬರದಿದ್ದಿ. ಹಂಗಾದ್ರ ಇದು ಪತ್ರ ಅಲ್ಲ, ಆಟ. ಕಂಪನಿ ನಾಟಕದಾಗ ನಾನು ಸೇನಾಪತಿ, ನಿಮ್ಮ ಅಬ್ಬಾ ಪೇಟಿ ಮಾಸ್ತರ. ಮಶಾಕಸಾಬರು ಹಾರ್ಮೋನಿಯಂ ಮ್ಯಾಲ ಕೈ ಇಡದ ನಾನು ರಂಗಕ್ಕ ಕಾಲಿಟ್ಟವನಲ್ಲ. ಈಗೂ ಇಡಂಗಿಲ್ಲ. ಮಾಸ್ತರ, ಸ್ವರ ಹಿಡೀರಿ!

ದೃಶ್ಯ ಒಂದು. ನನ್ನ ಲಿಂಬಿ ತೋಟದ ಆಚೆ ಊರಿನ ಮಡ್ಡಿ. ಕಲ್ಲು ನೆಲ, ಮೊಣಕಾಲೆತ್ತರ ಹುಲ್ಲು, ನಡುವೆ ಆನೆ ಮಲಗಿದಂಥ ಒಂದು ಕರಿಗುಂಡು. ಸೂರ್ಯ ಇಳಿಯುತ್ತಿದ್ದಾನೆ. ಆಗ ನೋಡು, ಜೋಳದ ಹೊಲಗಳ ಮೇಲಿಂದ, ನೆಲಕ್ಕೆ ಹೊಟ್ಟಿ ತಾಗತೈತೇನೋ ಅನ್ನೂವಂಗ ತೇಲಿಕೋತ ಬಂದೇ ಬಂದ್ವು ಗಿಡುಗ! ಗಂಡು ಬೂದಿ ಬಣ್ಣ, ರೆಕ್ಕಿ ತುದಿ ಕಾಡಿಗಿ ಅದ್ದಿದಂಗ. ಹೆಣ್ಣು ಕಂದು, ಬಾಲದ ಬುಡಕ್ಕ ಬಿಳಿ ಪಟ್ಟಿ. ಹಿಮಾಲಯದ ಆಚೆಯ ಹುಲ್ಲುಗಾವಲಿನಿಂದ ಚಳಿಗಾಲ ಕಳೆಯಾಕ ಬರತಾವ, ರಾತ್ರಿ ಮರದ ಮ್ಯಾಲಲ್ಲ, ಹುಲ್ಲಿನಾಗ ಮಲಗತಾವ ಅಂತ ನೀ ಹೇಳಿದಾಗ ನಾ ನಕ್ಕಿದ್ದೆ. ಈಗ ನಗಂಗಿಲ್ಲ. ಅಂಥಾ ಎಂಟ್ರಿ ನನಗೂ ಸಿಕ್ಕಿರಲಿಲ್ಲ.

ಇನ್ನ ಖಳನಾಯಕ. ಪಂಚಾಯತಿ ಅಧ್ಯಕ್ಷ ಸುಭಾಸ. ಒಳ್ಳೇ ಹುಡುಗನ, ಆದ್ರ ಮಡ್ಡಿ ತುಂಬ ಜೆಸಿಬಿ ಹಚ್ಚಿ ತಗ್ಗು ತೋಡಿಸಿ ಸಸಿ ನೆಡತಾನಂತ. ಸಸಿ ಮರ ಆದ್ರ ಹುಲ್ಲು ಸಾಯತೈತಿ, ಹುಲ್ಲು ಸತ್ರ ಗಿಡುಗ ಇಳಿಯಂಗಿಲ್ಲ ಅಂತ ನೀ ಕಲಿಸಿದ್ದನ್ನ ಅವನ ಮುಂದ ಒಪ್ಪಿಸಿದೆ.

‘ಕಾಕಾ, ಬರೇ ಹುಲ್ಲಿಗೆ ಯಾರ ಮಾಲಿ ಹಾಕ್ತಾರ?’ ಅಂದ. ‘ಒಂದ ಮಾತು. ನೂರ ಗಿಡುಗ ಅದಾವ ಅಂತ ಗ್ರಾಮಸಭೆದಾಗ ಹೇಳ್ರಿ, ಜೆಸಿಬಿನ ಕೆರಿ ದಂಡಿಗೆ ತಿರಗಸ್ತೇನಿ. ನವೆಂಬರ್ ಹನ್ನೆರಡಕ್ಕ ಸಭಾ. ನೂರಕ್ಕ ಒಂದು ಕಡಿಮಿ ಆದ್ರೂ ತಗ್ಗು ಬೀಳತಾವ.’

ನೂರಂತ! ಮಹಾಜನರೇ, ನಿನ್ನೆ ಒಂದೇ ಸಂಜೆ ನಾನು ಎಣಿಸಿದ್ದು ತೊಂಬತ್ನಾಲ್ಕು! ಇನ್ನೂ ಬರೋವು ಬರಾಕತ್ತಾವ.

ಎಣಿಸಾಕ ಇಬ್ಬರು ಬೇಕು ಅಂದಿದ್ದಿಯಲ್ಲ, ನಿನ್ನ ಕಾಕಿ ಮರೆವ್ವ ನನ್ನ ಕೂಡ ಬಂದಿದ್ದಳು. ಜೋಡಿ ಐತಿ. ಚಿಂತಿ ಬಿಡು.

ನಿನ್ನ ಕಾಕಾ,
ಭೀಮಶ್ಯಾ


ಮುದ್ದೇಬಿಹಾಳ
17 ಅಕ್ಟೋಬರ್ 2025

ಭೀಮಶ್ಯಾ ಕಾಕಾ ಅವರಿಗೆ ಫರಹತಳ ಸಲಾಮು.

ಪತ್ರ ಗಟ್ಟಿಯಾಗಿಯೇ ಓದಿದೆ. ನೆರೆಮನೆಯ ರಾಜಬಿ ಖಾಲಾ ಎರಡನೆಯ ಸಲ ಓದಿಸಿದರು. ನೀವು ‘ಸ್ವರ ಹಿಡೀರಿ’ ಅಂದಲ್ಲಿ ಅಬ್ಬಾ ನಿಜವಾಗಿಯೂ ಮಂಚದ ಪಟ್ಟಿಯ ಮೇಲೆ ಬೆರಳು ಓಡಿಸಿದರು.

ತೊಂಬತ್ನಾಲ್ಕು ದೊಡ್ಡ ಸಂಖ್ಯೆ ಕಾಕಾ. ನಮ್ಮ ಗಿಡುಗ ಎಣಿಕೆಯ ತಂಡದಲ್ಲಿ, ಸಿಂದಗಿಯ ಕಡೆ ಕೋಮಲ ಎಣಿಸಿದ್ದು ಇಪ್ಪತ್ತೇಳು, ಬಸವನ ಬಾಗೇವಾಡಿಯಲ್ಲಿ ಯುನೂಸ ಹತ್ತೊಂಬತ್ತು. ನಾನು ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿದ್ದೆ. ಹೋದ ವರ್ಷ ಹುಲ್ಲಿದ್ದ ಕಡೆ ಈಗ ಸಸಿಗಳ ಸಾಲು. ಒಂಬತ್ತೇ ಬಂದವು.

ಸಾಲಿ ಟೀಚರಳ ಚಾಳಿ, ಬೇಸರ ಮಾಡಿಕೊಳ್ಳಬೇಡಿ, ಇನ್ನೊಮ್ಮೆ ಹೇಳುತ್ತೇನೆ. ಹಾರುವುದನ್ನು ಎಣಿಸುವುದಲ್ಲ, ಇಳಿಯುವುದನ್ನು ಎಣಿಸುವುದು. ಮಲಗುವ ಮುಂಚೆ ಅವು ಸುತ್ತುತ್ತವೆ. ಇಳಿದದ್ದು ಮತ್ತೆ ಏಳುತ್ತದೆ. ಪೂರ್ತಿ ಕತ್ತಲಾಗುವ ಹೊತ್ತಿಗೆ ಹುಲ್ಲಿನಲ್ಲಿ ಉಳಿದದ್ದೇ ಲೆಕ್ಕ. ಕಾಕಿ ಆಚೆ ಬದಿಯಲ್ಲಿ ನಿಂತಿರುವುದರಿಂದ ನಿಮಗೆ ಕಾಣದ್ದು ಅವರಿಗೆ ಕಾಣುತ್ತದೆ. ಅದೊಂದು ಧೈರ್ಯ ನನಗೆ.

ಮುಂಜಾನೆ ಅವು ಎದ್ದು ಹೋದಮೇಲೆ ಹುಲ್ಲಿನಲ್ಲಿ ಹುಡುಕಿದರೆ ಹೆಬ್ಬೆರಳಿನಷ್ಟು ಉಂಡೆಗಳು ಸಿಗುತ್ತವೆ. ತಿಂದದ್ದರಲ್ಲಿ ಅರಗದ್ದನ್ನು ಉಗುಳಿರುತ್ತವೆ. ಕೆಲವನ್ನು ಒಡೆದು ಒಳಗೆ ಏನಿದೆ ಬರೆದು ಕಳಿಸಿ.

ಅಬ್ಬಾ ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಾತಿನಲ್ಲೇ ಬರೆಯುತ್ತೇನೆ: ‘ನಮ್ಮ ನಾಟಕದಾಗ ದಂಡು ಬರೋ ಸೀನಿನಾಗ ಸೈನಿಕರು ಎಷ್ಟು ಮಂದಿ ಇದ್ರು, ಭೀಮಶ್ಯಾಗ ಕೇಳು.’

ಫರಹತ


ತಾಂಬಾ
24 ಅಕ್ಟೋಬರ್ 2025

ಮಹಾಜನರೇ! ದೀವಳಗಿಯ ಪಟಾಕಿ ಸದ್ದು ಅಡಗಿತು, ಈಗ ನನ್ನ ಸದ್ದು ಕೇಳ್ರಿ! ನೂರಾ ನಲವತ್ತೆಂಟು!

ಇನ್ನೊಮ್ಮೆ ಓದು ಮಗಳ, ರಾಜಬಿಯವರಿಗೆ ಕೇಳಿಸಲಿ. ನೂರಾ ನಲವತ್ತೆಂಟು! ಕರಿಗುಂಡಿನ ಎಡಕಿನಿಂದ ಒಂದರ ಹಿಂದ ಒಂದು, ಹುಲ್ಲಿನ ಮ್ಯಾಲ ಹಾದು ಬಲಕ್ಕ ಮರೆ ಆಗೂದು, ಮತ್ತ ಎಡಕಿನಿಂದ ಹೊಸಾವು ಬರೂದು. ಮುಗಿಯಂಗೇ ಇಲ್ಲ! ‘ಒನ್ಸ್ ಮೋರ್’ ಅಂತ ಕೂಗೋ ಮನಸ್ಸಾತು. ಸುಭಾಸನ ಮನಿಗೆ ಹೋಗಿ ಹೇಳಿದೆ. ಊಟಕ್ಕ ಕುಂತಾಂವ ಕೈಯಾಗಿನ ತುತ್ತು ಕೈಯಾಗ ಹಿಡಕೊಂಡು ಕುಂತ.

ಈಗ ಮಾಸ್ತರ ಪ್ರಶ್ನೆ. ವಾಹ್, ಎಂಥಾ ನೆನಪು ತಗದ್ರಿ ಮಾಸ್ತರ! ಎಷ್ಟು ಮಂದಿ? ನಾಕs ಮಂದಿ! ಹುಡುಗರೇ, ಕೇಳ್ರಿ, ಇದು ಕಂಪನಿಯವರ ಕಸಬು. ಎಡಕಿನ ಪರದೆಯಿಂದ ನಾಲ್ವರು ಭಲ್ಲೆ ಹಿಡಕೊಂಡು ಒಳಗ ಬರೂದು, ರಂಗ ದಾಟಿ ಬಲಕ್ಕ ಹೊರಗ ಹೋಗೂದು. ಹೋದವರು ಹಿಂದಿನ ಸೀನರಿ ಪರದೆ ಬೆನ್ನಿಗೆ ಓಡಿಕೋತ ಬಂದು, ರುಮಾಲು ಬದಲಿಸಿ, ಮತ್ತ ಎಡಕಿನಿಂದ ಒಳಗ! ಮಾಸ್ತರು ಪೇಟಿಯೊಳಗ ಕುದುರಿ ಓಡಿಸಿದಂಗ ಬಾರಿಸೋರು. ಮಂದಿ ಕಣ್ಣಿಗೆ ಸಾವಿರ ದಂಡು! ಸಿಂದಗಿ ಕ್ಯಾಂಪಿನಾಗ ಒಬ್ಬ ಮುದುಕ ಆಟ ಮುಗಿದ ಮ್ಯಾಲ ಬಂದು, ‘ಇಷ್ಟು ಮಂದಿಗೆ ದಿನಾ ರೊಟ್ಟಿ ಯಾರ ಬಡೀತಾರ್ರಿ ಪಾಪ?’ ಅಂತ ಕೇಳಿದ್ದ! ಆದ್ರ ಆ ಮಾತು ಈಗ್ಯಾಕ ಬಂತು ಮಾಸ್ತರ? ವಯಸ್ಸಾತು ನಮಗ, ಹಳೇದೆಲ್ಲ ಸಿಹಿ ಆಗಾಕತ್ತೈತಿ.

ನಿನ್ನ ಒಂಬತ್ತಕ್ಕ ಬ್ಯಾಸರ ಮಾಡಕೋಬ್ಯಾಡ ಮಗಳ. ಎಲ್ಲಾ ಊರಾಗೂ ಹೌಸ್‌ಫುಲ್ ಬೋರ್ಡು ಬೀಳಂಗಿಲ್ಲ. ಉಂಡಿ ಆರಸೂದು ಸೇನಾಪತಿ ಕೆಲಸ ಅಲ್ಲ, ಅದನ್ನ ಮರೆವ್ವಗ ಹಚ್ಚೇನಿ.

ಭೀಮಶ್ಯಾ


ಮುದ್ದೇಬಿಹಾಳ
30 ಅಕ್ಟೋಬರ್ 2025

ಕಾಕಾ ಅವರಿಗೆ ಸಲಾಮು.

ನೂರಾ ನಲವತ್ತೆಂಟು ಎಂದು ಓದಿದೆ. ನನ್ನ ಒಂಬತ್ತಕ್ಕೆ ನನಗೆ ಬೇಸರವಿಲ್ಲ. ಅವು ಒಂಬತ್ತೇ.

ಕಾಕಿ ಎಣಿಸಿದ್ದನ್ನು ಬೇರೆಯಾಗಿ ಬರೆದು ಕಳಿಸುತ್ತೀರಾ? ಎರಡು ಬದಿಯ ಲೆಕ್ಕ ಬೇರೆ ಬೇರೆ ಇದ್ದರೆ ಕೂಡಿಸಲು ಸುಲಭ.

ಪರದೆಯ ಕಥೆ ಓದಿದಾಗ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಅಬ್ಬಾ ನಗಲಿಲ್ಲ. ‘ಅಷ್ಟೆಲ್ಲಾ ತಾನ ಬರದು, ಮ್ಯಾಲ ನನಗ ವಯಸ್ಸಾತು ಅಂತಾನಲ್ಲ!’ ಎಂದರು. ಆಮೇಲೆ, ‘ಕರಿಗುಂಡಿನ ಹಿಂದ ಏನೈತಿ ಅಂತ ಕೇಳು’ ಎಂದರು. ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ.

ಇಲ್ಲಿ ಮುಂಜಾನೆ ಚಳಿ ಶುರುವಾಗಿದೆ. ಕಾಕಿಗೆ ನನ್ನ ಸಲಾಮು ಹೇಳಿ.

ಫರಹತ


ತಾಂಬಾ
3 ನವೆಂಬರ್ 2025

ಮಹಾಜನರೇ! ಈ ಸಲ ಚಪ್ಪಾಳಿ ಕಡಿಮಿ ಬಂತು ಅಂತ ಮುದ್ದೇಬಿಹಾಳದಿಂದ ಸುದ್ದಿ. ಇರಲಿ. ಸೇನಾಪತಿ ಚಪ್ಪಾಳಿಗೆ ಯುದ್ಧ ಮಾಡಂಗಿಲ್ಲ.

ನೂರಾ ಎಪ್ಪತ್ಮೂರು.

ಕರಿಗುಂಡಿನ ಹಿಂದ ಏನೈತಿ ಅಂತೀರಿ ಮಾಸ್ತರ? ಕರಿಗುಂಡಿನ ಬೆನ್ನೈತಿ! ಕಲ್ಲಿಗೆ ಇನ್ನೇನಿರತೈತಿ? ನಾನು ಎದುರಿಗೆ ನಿಂತು ಕಣ್ಣಾರೆ ಕಂಡದ್ದಕ್ಕೆ ಸಾಕ್ಷಿ ಬೇಕೇ? ನಾನು ಇಷ್ಟು ವರ್ಷ ರಂಗದ ಮೇಲೆ ಸುಳ್ಳು ಮೀಸೆ ಹಚ್ಚಿರಬಹುದು, ಸುಳ್ಳು ಲೆಕ್ಕ ಹಚ್ಚಿಲ್ಲ. ಫರಹತ, ನೀ ಓದಿದಾಕಿ, ನಿನ್ನ ಮಡ್ಡಿಗೆ ಬರದ ಗಿಡುಗ ನನ್ನ ಮಡ್ಡಿಗೆ ಬಂದಾವ ಅಂತ ಮುಖ ಸಣ್ಣದು ಮಾಡಕೋಬಾರದು.

ಸುಭಾಸ ನಿನ್ನಿ ಮನಿಗೆ ಬಂದಿದ್ದ. ‘ನೀ ಒಂದಿನ ಬಂದು ನೋಡು’ ಅಂದೆ. ‘ಕಾಕಾ, ನಿಮ್ಮ ಬಾಯಿಂದ ಬಂದ ಮ್ಯಾಲ ಮುಗೀತು. ಸಣ್ಣಾವಿದ್ದಾಗ ನಿಮ್ಮ ದನಿ ಕೇಳಿ ಚಡ್ಡಿ ಒದ್ದಿ ಮಾಡಕೊಂಡಾಂವ ನಾನು. ಹನ್ನೆರಡನೇ ತಾರೀಖು ಸಭಾದಾಗ ಎದ್ದು ನಿಂತು ಒಂದ ಸಲ ಅದನ್ನ ಅಂದ್ರ ಸಾಕು, ಮಡ್ಡಿ ಉಳೀತು’ ಅಂದ.

ಮಡ್ಡಿ ಉಳೀತು ಮಗಳ! ಪಠ್ಯದಾಗಿದ್ದದ್ದು ಬಿಟ್ಟು ಒಂದಿಷ್ಟು ಖುಷಿನೂ ಬರದು ಕಳಸು.

ಭೀಮಶ್ಯಾ

ಫರಹತ, ಲಕೋಟಿ ಅಂಟಸೂದಕ್ಕ ಮೊದಲ ನಾನು ಮರೆವ್ವ ಬರಿಯಾಕತ್ತೇನಿ. ನೀ ನನ್ನ ಲೆಕ್ಕ ಬೇರೆ ಕೇಳಿದೆಂತ. ನನ್ನ ಲೆಕ್ಕ ಎಲ್ಲಿಂದ ಬರಬೇಕವ್ವ? ನಾ ಆಚೆ ಬದಿಗೆ ನಿಲ್ಲತೇನಿ ಅಂದ್ರ, ‘ನೀ ಒಟ ಒಟ ಅಂದು ಗಿಡುಗ ಹಾರಸ್ತಿ, ನನ್ನ ಮಗ್ಗಲಾಗ ಕುಂದರು’ ಅಂದಾರ. ಇವರು ಎಣಸ್ತಾರ, ನಾ ತೊಗರಿ ಹಸನ ಮಾಡತೇನಿ. ಉಂಡಿ ಮಾತ್ರ ಆರಿಸಿ ಒಡದು ನೋಡೇನಿ. ಒಳಗ ಬರೇ ಮಿಡಚಿ ಕಾಲು, ಮಿಡಚಿ ತಲಿ. ನಮ್ಮ ಜ್ವಾಳದ ಎಳಿ ಸುಳಿ ತಿನ್ನೂವಲ್ಲ, ಅವs ಮಿಡಚಿ. ನೀವು ಓದಿದವರು ಮಿಡತೆ ಅಂತೀರಲ್ಲ, ಅವು.


ಮುದ್ದೇಬಿಹಾಳ
7 ನವೆಂಬರ್ 2025

ಕಾಕಾ,

ಈ ಪತ್ರವನ್ನು ಯಾರಿಗೂ ಓದಿ ಹೇಳಿಲ್ಲ. ಇದು ನಿಮಗೆ ಮಾತ್ರ.

ಮೊದಲ ಪತ್ರದಿಂದಲೇ ನನಗೆ ಅನುಮಾನವಿತ್ತು. ನೀವು ಹಿರಿಯರು, ನನ್ನನ್ನು ಎತ್ತಿ ಆಡಿಸಿದವರು, ನೇರವಾಗಿ ಹೇಳಲು ಬಾಯಿ ಬರಲಿಲ್ಲ. ಉಂಡೆ, ಕಾಕಿಯ ಲೆಕ್ಕ, ಅಬ್ಬಾನ ಪ್ರಶ್ನೆ ಎಂದು ಸುತ್ತಿ ಬಳಸಿ ಬರೆದೆ. ಅದು ನನ್ನ ತಪ್ಪು. ಕಾಕಿ ಬರೆದದ್ದನ್ನು ಓದಿದ ಮೇಲೆ ಸುಮ್ಮನಿರಲಾರೆ.

ನಿಮ್ಮ ಕರಿಗುಂಡೇ ಸೀನರಿ ಪರದೆ ಕಾಕಾ. ಬಲಕ್ಕೆ ಮರೆಯಾದದ್ದೇ ಎಡದಿಂದ ಮತ್ತೆ ಬರುತ್ತಿರಬಹುದು. ಆಚೆ ಬದಿಯಲ್ಲಿ ಯಾರೂ ಇಲ್ಲದಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಅಬ್ಬಾ ಕೇಳಿದ್ದು ಇದನ್ನೇ.

ನಿಮ್ಮ ಮೂರು ಸಂಖ್ಯೆಗಳನ್ನೂ ನಾನು ಎಣಿಕೆ ಕೂಡಿಸುವವರಿಗೆ ಇನ್ನೂ ಮೇಲಕ್ಕೆ ಕಳಿಸಿಲ್ಲ. ಕಳಿಸುವುದೂ ಇಲ್ಲ. ಸಭೆಯಲ್ಲಿ ಏನು ಹೇಳುವುದು ನಿಮಗೆ ಬಿಟ್ಟದ್ದು. ನೂರಾ ಎಪ್ಪತ್ಮೂರು ಅಂದರೆ ಸುಭಾಸಣ್ಣ ನಂಬುತ್ತಾರೆ, ಈ ವರ್ಷ ಮಡ್ಡಿ ಉಳಿಯುತ್ತದೆ. ಆದರೆ ಮುಂದಿನ ವರ್ಷ ಯಾರೋ ಸರಿಯಾಗಿ ಎಣಿಸುತ್ತಾರೆ. ಕಡಿಮೆ ಬರುತ್ತದೆ. ಆಗ ಊರು ಏನನ್ನುತ್ತದೆ? ‘ಹುಲ್ಲು ಉಳಿಸಿದರೂ ಗಿಡುಗ ಓಡಿಹೋದವು, ಇನ್ನು ಹುಲ್ಲು ಯಾಕೆ?’ ಆಮೇಲೆ ನಾವು ಏನು ಹೇಳಿದರೂ ಕೇಳುವವರಿರುವುದಿಲ್ಲ.

ಸಿಟ್ಟು ಬಂದರೆ ಬೈಯಿರಿ. ಆದರೆ ಅದಕ್ಕಿಂತ ಮುಂಚೆ ಒಂದು ಸಂಜೆ ಕಾಕಿಯನ್ನು ಆಚೆ ಬದಿಗೆ ನಿಲ್ಲಿಸಿ.

ನಿಮ್ಮ
ಫರಹತ


ತಾಂಬಾ
11 ನವೆಂಬರ್ 2025

ಫರಹತ ಮಗಳ,

ನಿನ್ನ ಪತ್ರ ನಿನ್ನಿ ಮಧ್ಯಾಹ್ನ ಬಂತು. ಓದಿ ಹರಿದು ಒಗೀಬೇಕು ಅಂದೆ. ಲಿಂಬಿ ತೋಟದಾಗ ಎರಡ ಸುತ್ತು ಹಾಕಿ, ಒಂದಿಷ್ಟು ಬೈದೆ. ನಿನಗ ಅರ್ಧ, ನಿಮ್ಮ ಅಬ್ಬಾಗ ಅರ್ಧ. ಮರೆವ್ವ ಕಟ್ಟಿ ಮ್ಯಾಲ ಕುಂತು ಕೇಳಿದ್ಲು. ‘ಮುಗೀತಿಲ್ಲ? ಹೊತ್ತು ಇಳಿಯಾಕತ್ತೈತಿ. ಇವತ್ತರ ನನ್ನ ಆಚೆಗೆ ನಿಲ್ಲಿಸ್ತೀರೋ ಇಲ್ಲೋ?’

ನಿಂತಳು. ನಾನು ಕರಿಗುಂಡಿನ ಈಚೆ, ಆಕೆ ಆಚೆ. ಗಿಡುಗ ಬಂದವು. ಎಡದಿಂದ ಬಂದವು, ಬಲಕ್ಕೆ ಹೋದವು. ಅವೇ ಸಾಲು, ಅದೇ ವೈಭವ. ಸುತ್ತಾಟದ ಹೊತ್ತಿನಲ್ಲಿ ಹಳೆಯ ರೀತಿಯಲ್ಲೇ ಎಣಿಸಿದೆ, ಪರೀಕ್ಷೆಗೆ. ನೂರು ದಾಟಿತು. ಕತ್ತಲಾದ ಮ್ಯಾಲ ಇಬ್ಬರೂ ಮಡ್ಡಿ ಅಂಚಿನಾಗ ಕೂಡಿದ್ವಿ. ನನ್ನ ಎದಿ ಇನ್ನೂ ಉಬ್ಬಿತ್ತು.

‘ನನಗ ನೂರರ ಮ್ಯಾಲ. ನಿನಗ?’ ಅಂದೆ.

‘ಒಂದ ಹೆಣ್ಣು ಗಿಡುಗ ಇತ್ತು ನೋಡ್ರಿ, ಎಡಗಡೆ ರೆಕ್ಕ್ಯಾಗ ಗರಿ ಉದುರಿ ಕಿಂಡಿ ಬಿದ್ದೈತಿ. ಕಂಡ್ರಿ?’

‘ಕಂಡೆ. ಅಂಥಾವು ನಾಕ ಇದ್ವು.’

ಮರೆವ್ವ ನೋಡು ಮಗಳ, ಸೆರಗು ಬಾಯಿಗೆ ಹಿಡಕೊಂಡ್ಲು. ನಗು ತಡೆಯಾಕ. ‘ನನ್ನ ಬದೀಗೆ ಅದೊಂದ ನಾಕ ಸಲ ಹಾದು ಹೋತ್ರಿ’ ಅಂದ್ಲು. ‘ಪಾಪ, ಓಡಿ ಓಡಿ ದಣದಿತ್ತು.’

ಮಾಸ್ತರ! ಸಲಾಂ! ನೀವು ಪೇಟಿ ಇಟ್ಟಕೊಂಡು ಪರದೆ ಅಂಚಿಗೆ ಕುಂದರೋರು, ರಂಗಾನೂ ಕಾಣತಿತ್ತು, ಹಿಂದ ಓಡೋರೂ ಕಾಣತಿದ್ರು. ನಾ ಯಾವತ್ತೂ ಮುಂದ ನಿಂತಾಂವ. ನಾನು ಊರೂರು ಮಂದಿಗೆ ತೋರಿಸಿದ ಆಟಾನ ಆ ಹಕ್ಕಿ ನನಗ ತೋರಿಸಿತು, ಅದೂ ಮುಂದಿನ ಸಾಲಿನಾಗ ಕುಂದರಿಸಿ. ರುಮಾಲೂ ಬದಲಿಸಲಿಲ್ಲ. ಇಳಿಬಿಸಿಲಿನಾಗ ಒಮ್ಮೆ ಬೂದಿ, ಒಮ್ಮೆ ಕರಿ, ಒಮ್ಮೆ ಬಂಗಾರ ಕಾಣತಾವ. ಅದ ಅವುಗಳ ರುಮಾಲು. ಸಿಂದಗಿ ಮುದುಕನ ನೆನಸಿ ನಕ್ಕಿದ್ದೆನಲ್ಲ, ಇವಕ್ಕೆಲ್ಲ ರೊಟ್ಟಿ ಯಾರ ಬಡೀತಾರ ಅಂತ ಕೇಳೂದಷ್ಟ ನಾ ಬಾಕಿ ಇಟ್ಟಿದ್ದೆ.

ನಿನ್ನ ಕಾಯ್ದೆಯ ಪ್ರಕಾರ, ಕತ್ತಲಾಗೂ ತನಕ ಇಳಿದು ಹುಲ್ಲಿನಾಗ ಉಳಿದದ್ದು: ನನ್ನ ಬದಿಗೆ ಮೂವತ್ತೈದು, ಮರೆವ್ವನ ಬದಿಗೆ ಇಪ್ಪತ್ತಾರು. ಅರವತ್ತೊಂದು. ಇದನ್ನ ಮ್ಯಾಲ ಕಳಸು.

ಮನಿಗೆ ಬರೂ ಹಾದ್ಯಾಗ ಮರೆವ್ವ ಕೇಳಿದ್ಲು. ‘ಸುಮ್ಮಿದ್ರ ಮಡ್ಡಿ ಉಳೀತೈತಿ. ಹೇಳಿದ್ರ ಜೆಸಿಬಿ ಬರತೈತಿ. ನೂರಾ ಎಪ್ಪತ್ಮೂರು ನಿಮ್ಮ ಬಾಯಾಗ ಛಂದ ಕೇಳಸತಿತ್ತು ಬಿಡ್ರಿ.’

‘ಅರವತ್ತೊಂದು ಛಂದ ಕೇಳಸಂಗಿಲ್ಲೇನು?’ ಅಂದೆ.

‘ಅಂದು ತೋರಸ್ರಿ ನೋಡೋಣ.’

ತೋಟದ ಹಾದ್ಯಾಗ ನಿಂತು ಅಂದೆ. ನಾಯಿ ಬೊಗಳಿದ್ವು. ಆಕೆ ತಲಿ ಅಲ್ಲಾಡಿಸಿದ್ಲು. ‘ಅಷ್ಟು ಒದರಿದ್ರ ಯಾರೂ ನಂಬಂಗಿಲ್ಲ. ಮಾತಾಡಿದಂಗ ಮಾತಾಡ್ರಿ.’ ಇವತ್ತು ಇಡೀ ದಿನ ಮಾತಾಡಿದಂಗ ಮಾತಾಡೂದು ಕಲಿಯಾಕತ್ತೇನಿ ಮಗಳ. ಬಣ್ಣ ಹಚ್ಚೂದಕ್ಕಿಂತ ಕಠಿಣ ಐತಿ.

ಆದ್ರ ನಾ ಸೋತ ಸೇನಾಪತಿ ಅಂತ ಯಾರೂ ತಿಳೀಬ್ಯಾಡ್ರಿ. ನನ್ನ ದಂಡು ಮೊದಲು ನಾಕ ಮಂದಿ ಇತ್ತು, ಈಗ ಅರವತ್ತೊಂದೈತಿ, ಅಷ್ಟೂ ಖರೇವು. ಒಂದೊಂದು ದಿನಾ ಎಷ್ಟು ಮಿಡಚಿ ನುಂಗತೈತಿ ಅಂತ ಮರೆವ್ವನ ಕಿಡಕ್ಯಾಗ ಒಣಗಾಕ ಇಟ್ಟ ಉಂಡಿ ಹೇಳತಾವ. ನಾ ಉಂಡಿ ಆರಸೂದು ಸೇನಾಪತಿ ಕೆಲಸ ಅಲ್ಲ ಅಂದಿದ್ದೆ. ಆ ಮಾತು ವಾಪಸ್. ನೂರಕ್ಕ ಕಡಿಮಿ ಆದ್ರ ತಗ್ಗು ತೋಡತೇನಿ ಅಂದಾಂವ ಸುಭಾಸ. ತೋಡಿದ್ರ ಹುಲ್ಲಿನ ಕೂಡ ಜ್ವಾಳ ಕಾಯೂ ಯಾರನ್ನ ಓಡಸ್ತಾನ ಅನ್ನೂದು ಸಭಾದಾಗ ಕುಂತ ಜ್ವಾಳದ ರೈತರೆಲ್ಲ ಕಣ್ಣೀಲೆ ನೋಡಲಿ. ಆಮ್ಯಾಲ ಬೇಕಾದ್ರ ತೋಡು ಅಂತ ಅವರs ಅನ್ನಲಿ.

ಮಹಾಜನರೇ! ಈ ಪತ್ರ ನಿಮ್ಮ ಜಮಖಾನಿ ಮುಟ್ಟೂದ್ರಾಗ ಆಟ ಮುಗಿದಿರತೈತಿ. ಆದ್ರೂ ಮುಂಚೇನ ಸಾರತೇನಿ, ಕೇಳ್ರಿ. ನಾಳೆ ಮುಂಜಾನೆ, ಗಿಡುಗ ಎದ್ದು ಹೊಲದ ಮ್ಯಾಲ ಹೋದ ಕೂಡ್ಲೆ, ಮರೆವ್ವ ನಾನು ಹುಲ್ಲಿನಾಗ ಇಳಿದು ಉಡಿ ತುಂಬ ಉಂಡಿ ಆರಿಸ್ತೀವಿ. ಸಭಾ ಕೂಡಿದ ಮ್ಯಾಲ ಸುಭಾಸನ ಟೇಬಲ್ ಮ್ಯಾಲ ಸುರುವತೇನಿ. ಆದ್ರ ಅದಕ್ಕೂ ಮೊದಲ, ಮೈಕ್ ಮುಟ್ಟದ, ಇದ್ದ ದನಿಯಾಗ, ಎದ್ದು ನಿಂತು ಅರವತ್ತೊಂದು ಅಂತೇನಿ. ಒಂದs ಸಲ. ಪರದೆ ಸುತ್ತಿ ಎರಡನೇ ಸಲ ಬರಂಗಿಲ್ಲ.

ಭೀಮಶ್ಯಾ